ಕುತ್ತಿಗೆಯಿಂದ ಕೆಳಗೆ

"ಬಾಗಿಲು ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿನಗೆ? ಅಲ್ಲೇ ನಿಂತು ಕೈ ಚಾಚು. ಬೆರಳು ಬಿಡಿಸು. ಇನ್ನೂ ಅಗಲ. ಏನು, ಸಂದೀಲಿ ಬಂಗಾರ ಬಚ್ಚಿಟ್ಟಿದ್ದೀಯಾ?"

ವೃದ್ಧಾಶ್ರಮದ ಹಿತ್ತಲ ಬಾಗಿಲಲ್ಲಿ ಮೇನೇಜರ್ ಮರದ ಸ್ಕೇಲು ಹಿಡಿದು ನಿಂತಿದ್ದ. ಬೆಳಗಿನ ಪಾಳಿಯ ಆಯಾಗಳು ಅವನ ಮುಂದೆ ಸಾಲುಗಟ್ಟಿ ಕೈ ಚಾಚಿದ್ದರು. ಅವನು ಯಾರನ್ನೂ ಮುಟ್ಟುತ್ತಿರಲಿಲ್ಲ. ಸ್ಕೇಲಿನ ತುದಿಯಿಂದಲೇ ಬೆರಳು ಅಗಲಿಸಿ, ಮಣಿಕಟ್ಟು ಹೊರಳಿಸಿ, ಮೀನು ಕೊಳ್ಳಲು ಬಂದವನು ಕಿವಿರು ಎತ್ತಿ ನೋಡುವ ಹಾಗೆ ನೋಡುತ್ತಿದ್ದ. ಅವನ ಅಂಗಿಯ ತೋಳಿನ ಮಡಿಕೆಯ ಗೆರೆ ಬೆಳಗ್ಗೆ ಹೇಗಿರುತ್ತಿತ್ತೋ ಸಂಜೆಯೂ ಹಾಗೇ ಇರುತ್ತಿತ್ತು. ಅದಕ್ಕೇ ಆಯಾಗಳು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಸಾರ್, ಬೆನ್ನ ಹಿಂದೆ ಇಸ್ತ್ರಿ.

ಸಾಲಿನಲ್ಲಿ ಮೊದಲು ನಿಂತವಳು ನೀರಕ್ಕ. ಮುದುಕ ಮುದುಕಿಯರಿಗೆ ಸ್ನಾನ ಮಾಡಿಸುವ ಕೆಲಸ ಅವಳದು. ಬಿಸಿನೀರಿನ ಡ್ರಮ್ಮಿನ ಪಕ್ಕದಲ್ಲೇ ವಯಸ್ಸು ಕಳೆದು ಹೆಸರೂ ಹಾಗೇ ಆಗಿಬಿಟ್ಟಿತ್ತು. ಅವಳ ಹಿಂದೆ ಅವಳ ನಾದಿನಿ, ಗಂಡನ ತಂಗಿ. ಇಸ್ತ್ರಿ ನಾದಿನಿಯ ಮಣಿಕಟ್ಟಿನ ಮೇಲೆ ಸ್ಕೇಲಿನಿಂದ ಟಪಟಪ ಬಡಿದ.

"ನೋಡ್ರೇ, ಎಲ್ಲಿ ನೋಡಿದ್ರೂ ಗುಳ್ಳೆ! ಇವಳ ಮೈಯೇ ಒಂದು ಕಜ್ಜಿಯ ಗೂಡು. ಸ್ನಾನ ಅನ್ನೋದು ಗೊತ್ತೇನೇ ನಿಮ್ಮ ಬೀದೀಲಿ?"

"ನಾವು ಮಾಡೋದೇ ಸ್ನಾನದ ಕೆಲಸ ಸಾರ್," ಅಂದಳು ನೀರಕ್ಕ.

"ನಿನ್ನ ಕೇಳಿದ್ನಾ? ಮುಚ್ಚು ಬಾಯಿ. ಏಯ್, ನೀನು ಇವತ್ತಿಂದ ಬರಬೇಡ. ಈ ದರಿದ್ರ ಇಲ್ಲಿಗೆ ತಂದವಳೇ ನೀನು."

"ನಾನು ತಂದ್ನಾ?" ನಾದಿನಿಯ ಧ್ವನಿ ಏರಿತು. "ಆ ನಿನ್ನ ಜಡ್ಜ್ ಸಾಹೇಬನ ಮೈಗೆ ಎಣ್ಣೆ ತಿಕ್ಕಿ ತಿಕ್ಕಿ ನನಗೆ ಬಂತು ಕಣೋ ಬೋಳಿಮಗನೇ! ಗ್ಲೌಸು ಕೊಡು ಅಂದಾಗ ಏನಂದೆ? ಸಾಹೇಬ್ರಿಗೆ ರಬ್ಬರ್ ತಾಗಿದ್ರೆ ಬೇಜಾರಾಗುತ್ತೆ ಅಂದೆ!"

ನೀರಕ್ಕ ಅವಳ ಬಾಯಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆಳೆದಳು. ಅಷ್ಟರಲ್ಲಿ ಇಸ್ತ್ರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು. ನಾದಿನಿ ಮುಚ್ಚಿದ ಬಾಗಿಲಿಗೇ ಇನ್ನಷ್ಟು ಬೈದು, ಸುಸ್ತಾಗಿ, ಹಿತ್ತಲ ಗೇಟಿನ ಕಡೆ ನಡೆದಳು. ಹೋಗುವಾಗಲೂ ಕೆರೆದುಕೊಳ್ಳುತ್ತಲೇ ಇದ್ದಳು.

ನಾದಿನಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಜಡ್ಜ್ ಸಾಹೇಬರು ದೊಡ್ಡ ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ ಬಂದವರು. ಮೊಣಕೈ, ಹಿಮ್ಮಡಿಗಳ ಮೇಲೆ ಚರ್ಮ ದಪ್ಪಗೆ ಹೆಕ್ಕಳಗಟ್ಟಿ, ಹಾಸಿಗೆ ತುಂಬ ಹೊಟ್ಟು ಉದುರುತ್ತಿತ್ತು. ಬೇರೆ ಯಾರಾದರೂ ಹಾಗೆ ಬಂದಿದ್ದರೆ ಗೇಟಿನಲ್ಲೇ ವಾಪಸು. ಜಡ್ಜ್ ಅಂದಮೇಲೆ ಹೊಟ್ಟಿಗೂ ಮರ್ಯಾದೆ. "ದೊಡ್ಡ ಮನುಷ್ಯರ ಚರ್ಮ, ಒಣಗಿದೆ ಅಷ್ಟೇ, ಎಣ್ಣೆ ಹಚ್ಚಿ," ಎಂದು ಅಪ್ಪಣೆಯಾಯಿತು. ನಾದಿನಿ ಹಚ್ಚಿದಳು. ಗ್ಲೌಸುಗಳು ಆಫೀಸಿನ ಬೀರುವಿನಲ್ಲಿ ಸುಖವಾಗಿದ್ದವು. ಅವು ಹೊರಬರುತ್ತಿದ್ದದ್ದು ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ, ಅವರು ಹೋದ ಕೂಡಲೇ ಮತ್ತೆ ಡಬ್ಬಿ ಸೇರುತ್ತಿದ್ದವು.

ಆಮೇಲೆ ಮನೆಯೆಲ್ಲ ಕೆರೆಯತೊಡಗಿತು. ಹಿಂದಿನ ಹಾಲಿನ ದಿಕ್ಕಿಲ್ಲದ ಮುದುಕರು ಗೋಡೆಗೆ ಬೆನ್ನು ಉಜ್ಜಿದರು. ಮುಂದಿನ ಕೋಣೆಗಳ ದುಡ್ಡು ಕೊಡುವ ಮುದುಕರು ಬಾಚಣಿಗೆಯಿಂದ ಕೆರೆದುಕೊಂಡರು. ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಜಡ್ಜರ ಮೊಣಕೈ ನೋಡಿದವಳೇ ಅಲ್ಲೇ ನಿಂತು ಎಲ್ಲರ ಎದುರಿಗೆ ಹೇಳಿದ್ದಳು.

"ಇದು ಕಜ್ಜಿ. ಇವರದ್ದು ತೀರಾ ಜಾಸ್ತಿಯಾಗಿರೋದು, ಇವರಿಂದಾನೇ ಹರಡಿದೆ. ಈ ಮುಲಾಮನ್ನ ಕುತ್ತಿಗೆಯಿಂದ ಕೆಳಗೆ, ಅಂಗಾಲಿನ ತನಕ ಹಚ್ಚಬೇಕು. ಎಲ್ಲರಿಗೂ, ಒಂದೇ ದಿನ. ಆಯಾಗಳು, ಅಡುಗೆಯವರು, ಮೇನೇಜರು, ನೀವು ಕೂಡ. ಆಯಾಗಳ ಮನೆಯವರಿಗೂ ಕೊಡಿ. ತುರಿಕೆ ಇರಲಿ ಬಿಡಲಿ. ಒಬ್ಬರು ತಪ್ಪಿಸಿಕೊಂಡ್ರೆ ಮತ್ತೆ ಮೊದಲಿಂದ."

"ಅಯ್ಯೋ ಡಾಕ್ಟ್ರೇ," ಎಂದು ಯಜಮಾನಿ ಅಮ್ಮಾವ್ರು ನಕ್ಕಿದ್ದರು, "ನಾವೆಲ್ಲ ದಿನಾ ಎರಡು ಸಲ ಸ್ನಾನ ಮಾಡೋರು."

"ಹುಳಕ್ಕೆ ಅದು ಗೊತ್ತಿರಲ್ಲ ಮೇಡಂ."

ಮುಂದಿನ ವಾರದಿಂದ ಆ ಡಾಕ್ಟರಮ್ಮ ಬರಲಿಲ್ಲ. ಬದಲಿಗೆ ಬಂದವರು ವಯಸ್ಸಾದವರು, ಕನ್ನಡಕ ಮನೆಯಲ್ಲೇ ಮರೆತು ಬರುವ ಅಭ್ಯಾಸದವರು. ಮುಲಾಮು ತರಿಸಿದ್ದು ಮುಂದಿನ ಕೋಣೆಗಳಿಗೆ ಮಾತ್ರ. ಅಲ್ಲಿ ತುರಿಕೆ ನಿಂತಂತೆ ಮಾಡಿ ಮತ್ತೆ ಶುರುವಾಯಿತು. ಆಗ ಅಮ್ಮಾವ್ರು ಮತ್ತು ಇಸ್ತ್ರಿ ಕೂತು ಯೋಚಿಸಿ, ಸೋಂಕು ಬರುವುದು ಕೆಳಗಿನ ಬೀದಿಯಿಂದ ಎಂದು ಕಂಡುಹಿಡಿದರು. ಆಯಾಗಳೆಲ್ಲ ಆ ಬೀದಿಯವರೇ. ಅವರ ತೋಳಿಗೆ ಕೆಂಪು ಪಟ್ಟಿ ಬಂತು. ಪಟ್ಟಿಯವರು ಮುಂಬಾಗಿಲಿಂದ ಬರುವಂತಿಲ್ಲ, ಮುಂದಿನ ಹಾಲ್ ದಾಟುವಂತಿಲ್ಲ, ಕುರ್ಚಿಯಲ್ಲಿ ಕೂರುವಂತಿಲ್ಲ. ಮುದುಕರ ಕುಂಡೆ ತೊಳೆಯಲು ಮಾತ್ರ ಏನೂ ಅಡ್ಡಿಯಿಲ್ಲ.

ಮಧ್ಯಾಹ್ನ ಅಮ್ಮಾವ್ರು ನೀರಕ್ಕನನ್ನು ಅಂಗಳಕ್ಕೆ ಕರೆಸಿಕೊಂಡರು. ಅವರು ಯಾವತ್ತೂ ಬೈದವರಲ್ಲ. ಅವರ ಪಾಲಿನ ಬೈಗುಳಕ್ಕೆಂದೇ ಇಸ್ತ್ರಿ ಇದ್ದ.

"ನೋಡಮ್ಮ, ನೀವೆಲ್ಲ ನನ್ನ ಮಕ್ಕಳಿದ್ದ ಹಾಗೆ," ಅಂದರು, ಮಕ್ಕಳಿಂದ ಸಾಕಷ್ಟು ದೂರ ನಿಂತು. "ನಾಳೆ ಆರೋಗ್ಯ ಇಲಾಖೆಯ ಆಫೀಸರು ಬರ್ತಾರೆ. ಯಾರೋ ಅವರಿಗೆ ಚಾಡಿ ಹೇಳಿದ್ದಾರೆ. ನೀನು ಹಳಬಳು, ನಿನ್ನ ಮಾತಿಗೆ ತೂಕ ಇದೆ. ಇದು ನಮ್ಮ ಬೀದಿಯಿಂದ ಬಂದಿದ್ದು, ನನ್ನ ನಾದಿನಿಯೇ ತಂದಿದ್ದು, ಅಮ್ಮಾವ್ರು ಅವಳನ್ನ ತೆಗೆದಿದ್ದಾರೆ ಅಂತ ಹೇಳಿಬಿಡು. ನಿನ್ನ ಕೆಲಸಕ್ಕೆ ನಾನು ಗ್ಯಾರಂಟಿ."

"ಜಡ್ಜ್ ಸಾಹೇಬ್ರಿಂದ ಬಂತು ಅಂತ ಡಾಕ್ಟರಮ್ಮ ಹೇಳಿದ್ರಲ್ಲ ಅಮ್ಮಾ."

"ಅವರ ಮಕ್ಕಳ ಕಿವಿಗೆ ಬಿದ್ರೆ ಈ ಮನೆ ಮುಚ್ಚಬೇಕಾಗುತ್ತೆ. ಆಗ ನೀನೆಲ್ಲಿ, ಆ ಅಜ್ಜಿಯರೆಲ್ಲಿ? ಸ್ವಲ್ಪ ಯೋಚನೆ ಮಾಡು."

"ನಮಗೂ ಮುಲಾಮು ಕೊಡಿಸಿ ಅಮ್ಮಾ. ಮನೇಲಿ ಕೂಸು ಮರಿಗಳೆಲ್ಲ ಕೆರ್ಕೋತಾವೆ."

"ನೋಡೋಣ," ಅಂದರು ಅಮ್ಮಾವ್ರು. ಅವರ ನೋಡೋಣಕ್ಕೆ 'ಇಲ್ಲ' ಎಂದೇ ಅರ್ಥ ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

ಸಂಜೆ ನೀರಕ್ಕ ಬೀದಿಗೆ ಕಾಲಿಡುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಮೇಲಿನ ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೆ, ಮಗು ಆಡಿಸುವವರಿಗೆ ಎಲ್ಲರಿಗೂ ಒಂದೇ ಮಾತು: ಸದ್ಯಕ್ಕೆ ಬರಬೇಡಿ. ಒಬ್ಬಳ ಚಪ್ಪಲಿಯನ್ನು ಕಡ್ಡಿಯಲ್ಲಿ ಎತ್ತಿ ಗೇಟಿನಾಚೆ ಎಸೆದಿದ್ದರಂತೆ. ನಾದಿನಿ ತನ್ನ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಅಮ್ಮಾವ್ರು ಹೇಳಿದ್ದನ್ನು ನೀರಕ್ಕ ಮುಚ್ಚಿಡಲಿಲ್ಲ.

"ಹೇಳು, ಧಾರಾಳವಾಗಿ ಹೇಳು," ಅಂದಳು ನಾದಿನಿ. "ನಿನ್ನ ಕೆಲಸ ಉಳಿಯುತ್ತೆ. ಆದರೆ ಆಫೀಸರ ಎದುರಿಗೆ ನೀನೇ ಒಪ್ಕೊಂಡೆ ಅಂದ್ರೆ ಈ ಬೀದಿಯ ಒಂದು ಹೆಂಗಸನ್ನೂ ಯಾರೂ ಮನೆಯೊಳಗೆ ಸೇರಿಸಲ್ಲ, ಈ ಜನ್ಮಕ್ಕೆ. ಹೇಳಿ ಬಂದಮೇಲೆ ಈ ಹೊಸ್ತಿಲು ತುಳೀಬೇಡ. ನನ್ನ ಅತ್ತಿಗೆ ಸತ್ತಳು ಅಂದ್ಕೋತೀನಿ."

"ಕೆಲಸ ಹೋದ್ರೆ ನಾವಿಬ್ರೂ ಮಣ್ಣು ತಿನ್ನೋದಾ?"

"ಕಜ್ಜಿ ಕೆರ್ಕೊಂಡು ಕೂತಿರೋಣ. ಪುಕ್ಕಟೆ ಕೆಲಸ."

ಇಬ್ಬರಿಗೂ ನಗು ಬಂತು. ಆಫೀಸರಿಗೆ ಏನು ಹೇಳುವುದೆಂದು ಬೆಳಗಾದರೂ ನೀರಕ್ಕನಿಗೆ ಗೊತ್ತಾಗಿರಲಿಲ್ಲ.

ಬೆಳಗ್ಗೆ ಅವಳು ಸ್ನಾನದ ಮನೆಯಲ್ಲಿ ಡ್ರಮ್ಮಿಗೆ ಉರಿ ಹಾಕಿ, ಹಾಸಿಗೆ ಬಟ್ಟೆ ಕುದಿಸುತ್ತಿದ್ದಳು. ಬಾಗಿಲು ಸದ್ದಿಲ್ಲದೆ ತೆರೆಯಿತು. ಇಸ್ತ್ರಿ ಒಳಬಂದು, ಆಚೆ ಈಚೆ ನೋಡಿ, ಅಗುಳಿ ಹಾಕಿದ.

"ನೋಡು, ಇದು ನಮ್ಮಿಬ್ಬರ ಮಧ್ಯೆ ಇರಬೇಕು," ಅಂದ.

"ಸಾರ್, ನನ್ನ ಕೈಲಿ ಕುದಿಯೋ ನೀರಿನ ಚೊಂಬಿದೆ."

"ಥೂ, ಅದಲ್ಲ ಕಣೆ!" ಅವನು ಅಂಗಿಯನ್ನು ಎದೆಯ ತನಕ ಎತ್ತಿದ. ಹೊಕ್ಕುಳ ಸುತ್ತ, ಸೊಂಟದ ಪಟ್ಟಿಯ ಉದ್ದಕ್ಕೂ, ಕಂಕುಳಲ್ಲಿ ಕೆಂಪು ಗುಳ್ಳೆಗಳ ಸಂತೆ ನೆರೆದಿತ್ತು. ಜೇಬಿನಿಂದ ಮುಲಾಮಿನ ಟ್ಯೂಬು ತೆಗೆದ. ಮುಂದಿನ ಕೋಣೆಯ ಯಾರದೋ ಪಾಲು. "ಪ್ರಾಣ ಹೋಗ್ತಿದೆ. ಬೆನ್ನಿಗೆ ಕೈ ಎಟುಕಲ್ಲ. ಹೆಂಡತಿಗೆ ಹೇಳೋ ಹಾಗಿಲ್ಲ. ಹೇಳಿದ್ರೆ ಯಾರ ಹತ್ರ ಮಲಗಿದ್ದೆ ಅಂತ ಕೇಳ್ತಾಳೆ."

"ಜಡ್ಜ್ ಸಾಹೇಬ್ರ ಹತ್ರ ಅನ್ನಿ ಸಾರ್."

ಅವನ ಮುಖ ಕೆಂಪಾಯಿತು. ಇಡೀ ಮನೆಯಲ್ಲಿ ಏಸಿ ಇದ್ದದ್ದು ಜಡ್ಜರ ಕೋಣೆಯಲ್ಲಿ ಮಾತ್ರ. ಊಟವಾದ ಮೇಲೆ ಇಸ್ತ್ರಿ ಅಂಗಿ ಬಿಚ್ಚಿ ಗೋಡೆಗೆ ನೇತುಹಾಕಿ, ಅಲ್ಲಿನ ಇನ್ನೊಂದು ಮಂಚದ ಮೇಲೆ ಜಡ್ಜರ ಕಂಬಳಿಯನ್ನೇ ಹೊದ್ದು ನಿದ್ದೆ ಹೊಡೆಯುತ್ತಿದ್ದ. ಹಾಸಿಗೆ ಬದಲಿಸುವವಳಿಗೆ ಅದು ಗೊತ್ತಿರದೆ ಇರುತ್ತದೆಯೇ?

"ಬೇಗ ಹಚ್ಚು. ಆಫೀಸರು ಬರೋದ್ರೊಳಗೆ ಮುಗೀಬೇಕು."

"ಎಲ್ಲಾ ಬಿಚ್ಚಿ ಹಲಗೆ ಮೇಲೆ ಬೋರಲು ಮಲಗಿ."

"ಎಲ್ಲಾನಾ?"

"ಕುತ್ತಿಗೆಯಿಂದ ಕೆಳಗೆ ಅಂದಿದ್ದಾರೆ ಸಾರ್. ನಿಮ್ಮ ಚಡ್ಡಿ ಏನು ಕುತ್ತಿಗೆ ಮೇಲಿದೆಯಾ?"

ಮುದುಕರನ್ನು ಮಲಗಿಸುವ ಹಲಗೆಯ ಮೇಲೆ ಇಸ್ತ್ರಿ ಬತ್ತಲೆ ಮಲಗಿದ. ನೀರಕ್ಕ ಮುಲಾಮು ಅಂಗೈಗೆ ಹಿಂಡಿಕೊಂಡು ಹಚ್ಚತೊಡಗಿದಳು. ಎಷ್ಟು ಮೈ ನೋಡಿದ ಕೈ ಅದು. ಅಂಗಿ ಕಳಚಿದ ಮೇಲೆ ಎಲ್ಲ ಒಂದೇ, ಮಡಿಕೆ ಬಿದ್ದ ಚರ್ಮ, ಒಂದಿಷ್ಟು ಮೂಳೆ, ಒಂದಿಷ್ಟು ನಾಚಿಕೆ. ಬೆನ್ನ ತುಂಬ ಅವನೇ ಪರಚಿಕೊಂಡ ಗೀರುಗಳನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು. ಈ ಹಲ್ಕಾನ ಮೇಲೆ ಪಾಪ ಬರುತ್ತಿದೆಯಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು. ಆ ಪಾಪದ ಭರದಲ್ಲೇ ಕೇಳಿದಳು.

"ಸಾರ್, ನನ್ನ ನಾದಿನೀನ ವಾಪಸ್ ತಗೊಳ್ಳಿ. ಎಲ್ಲಿಂದ ಬಂತು ಅಂತ ನಿಮ್ಮ ಮೈಯೇ ಹೇಳ್ತಿದೆ."

"ಗೊತ್ತು ಕಣೆ," ಅಂದ ಇಸ್ತ್ರಿ, ಕೆನ್ನೆ ಹಲಗೆಗೆ ಒತ್ತಿಕೊಂಡೇ. "ಆದ್ರೆ ಯಾರಾದ್ರೂ ಒಬ್ಬರ ತಲೆಗೆ ಕಟ್ಟಲೇಬೇಕಲ್ಲ? ಜಡ್ಜ್ ತಲೆಗೆ ಕಟ್ಟೋಕಾಗುತ್ತಾ? ನಿಮ್ಮೋರಿಗಾದ್ರೆ ಇದೇನು ಹೊಸದಲ್ಲ, ನಾಲ್ಕು ದಿನ ಅತ್ತು ಸುಮ್ಮನಾಗ್ತೀರಿ. ಸ್ವಲ್ಪ ಕೆಳಗೆ... ಹಾಂ, ಅಲ್ಲೇ. ಚೆನ್ನಾಗಿ ಉಜ್ಜು. ಏನು ಕೈ ನಿಂದು!"

ನೀರಕ್ಕ ಚೆನ್ನಾಗಿ ಉಜ್ಜಿದಳು. ಅಂಗಾಲು ಮುಗಿಸಿದಳು. ಆಮೇಲೆ ಕೈ ಒರೆಸಿಕೊಂಡು, ಮೊಳೆಗೆ ನೇತಾಡುತ್ತಿದ್ದ ಅಂಗಿ, ಪ್ಯಾಂಟು, ಚಡ್ಡಿ ಎಲ್ಲವನ್ನೂ ಒಂದು ಮುದ್ದೆ ಮಾಡಿ ಕುದಿಯುವ ಡ್ರಮ್ಮಿಗೆ ಹಾಕಿ ಕೋಲಿನಿಂದ ಅದುಮಿದಳು.

"ಏಯ್! ಏಯ್! ಏನೇ ಮಾಡ್ದೆ?"

"ಬಾಗಿಲ ಮೇಲೆ ನೀವೇ ಅಂಟಿಸಿದ್ದೀರಲ್ಲ ಸಾರ್. ಮುಲಾಮು ಹಚ್ಚಿದವರ ಬಟ್ಟೆ ತಕ್ಷಣ ಕುದಿಸಬೇಕು."

"ಅದು ಅವರಿಗೆ ಕಣೆ ಮುಂಡೇದೇ! ನನಗಲ್ಲ!"

"ಹುಳಕ್ಕೆ ಅದು ಗೊತ್ತಿರಲ್ಲ ಅಂತ ಡಾಕ್ಟರಮ್ಮ ಹೇಳಿದ್ರು."

ಆಗಲೇ ಮುಂದುಗಡೆ ಕಾರಿನ ಬಾಗಿಲು ಧಡ್ ಧಡ್ ಎಂದಿತು. ಅಮ್ಮಾವ್ರ ಸ್ವಾಗತದ ಧ್ವನಿ ಕೇಳಿಸಿತು. ಆಫೀಸರು ಹೇಳಿದ್ದಕ್ಕಿಂತ ಬೇಗ ಬಂದಿದ್ದರು. ಇಸ್ತ್ರಿ ಹಲಗೆಯಿಂದ ಜಾರಿ, ಎದ್ದು, ಎರಡು ಕೈಯಲ್ಲಿ ಎಲ್ಲಿ ಮುಚ್ಚಿಕೊಳ್ಳುವುದೆಂದು ತಿಳಿಯದೆ ಒಂದು ಸುತ್ತು ತಿರುಗಿದ.

"ಆಫೀಸಲ್ಲಿ ಇನ್ನೊಂದು ಜೊತೆ ಬಟ್ಟೆ ಇದೆ. ಓಡು, ತಗೊಂಡು ಬಾ!"

"ಹಾಲ್ ದಾಟೋ ಹಾಗಿಲ್ಲ ಸಾರ್." ನೀರಕ್ಕ ತೋಳಿನ ಕೆಂಪು ಪಟ್ಟಿ ತೋರಿಸಿದಳು.

ಉಳಿದದ್ದು ಮುದುಕರಿಗೆ ತೊಡಿಸುವ ನೀಲಿ ಗೌನು, ಹಿಂದುಗಡೆ ದಾರ ಕಟ್ಟುವಂಥದ್ದು. ಇಸ್ತ್ರಿ ಅದಕ್ಕೆ ತೋಳು ತೂರಿಸಿ, ದಾರ ಕಟ್ಟಿಸಿಕೊಳ್ಳುವಷ್ಟೂ ನಿಲ್ಲದೆ, ಹಿಂದಿನದನ್ನು ಒಂದು ಕೈಯಲ್ಲಿ ಒಟ್ಟು ಮಾಡಿ ಹಿಡಿದುಕೊಂಡು ಹಾಲಿನ ಗೋಡೆಗುಂಟ ಓಡಿದ. ಅರ್ಧ ದಾರಿಯಲ್ಲಿ ಆಫೀಸರು ಎದುರಾದರು. ಹಬೆಗೆ ನರೆಗೂದಲು ಕೆದರಿ, ಮೈಯೆಲ್ಲ ಮುಲಾಮಿನಿಂದ ಮಿರುಗುತ್ತ ಬರಿಗಾಲಲ್ಲಿ ನಿಂತವನನ್ನು ನೋಡಿ ಅವರ ಮನಸ್ಸು ಕರಗಿತು.

"ನಿಧಾನ ತಾತ, ಬೀಳ್ತೀರಿ," ಎಂದು ಅವನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತಗೊಂಡರು. ಹಿಂದಿನದು ಕೈತಪ್ಪಿ ಹೋಯಿತು. "ಇಲ್ಲಿ ಚೆನ್ನಾಗಿ ನೋಡ್ಕೋತಾರಾ?"

"ಅವನಿಗೇನು ಕಡಿಮೆ!" ಎಂದು ಆಫೀಸರಿಗಾಗಿ ಹಾಲಿನಲ್ಲಿ ಕೂರಿಸಿದ್ದ ಮುದುಕರ ಹಿಂದಿನ ಸಾಲಿನಿಂದ ಒಬ್ಬಳು ಅಜ್ಜಿ ಕೂಗಿದಳು. ಬೈಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆತವಳು ಅವಳು. "ಮುಕುಳಿಗೆ ಗಾಳಿ ಕುಡಿಸ್ತಾ ನಿಂತವ್ನೆ, ಬೇವರ್ಸಿ!"

"ಸಾರ್, ನಾನು... ನಾನು ಇಲ್ಲಿನ ಮೇನೇಜರ್," ಎಂದು ಇಸ್ತ್ರಿ ತೊದಲಿದ.

ಆಫೀಸರು ಅಮ್ಮಾವ್ರ ಕಡೆ ನೋಡಿದರು. ಅಮ್ಮಾವ್ರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆಯೇ ಅವರು ಕರುಣೆಯಿಂದ ತಲೆದೂಗಿದರು.

"ಪಾಪ, ಮರೆವಿನ ಕಾಯಿಲೆ. ತಾನೇ ಮೇನೇಜರ್ ಅಂದ್ಕೊಂಡಿದ್ದಾರೆ. ಮೊನ್ನೆ ಪ್ರಧಾನ ಮಂತ್ರಿ ಅಂದ್ಕೊಂಡಿದ್ರು."

ಇಸ್ತ್ರಿಯ ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಇಷ್ಟು ವರ್ಷ ಅಮ್ಮಾವ್ರಿಗಾಗಿ ಬೈದ ಬಾಯಿ ಅದು.

"ಬಾರಮ್ಮ ಇಲ್ಲಿ," ಅಮ್ಮಾವ್ರು ನೀರಕ್ಕನನ್ನು ಕರೆದರು. ಅವಳು ಹಾಲಿನ ಅಂಚಿನಲ್ಲಿ ನಿಂತಿದ್ದಳು. ಅವಳ ಹಿಂದೆ ಉಳಿದ ಆಯಾಗಳು ಬಂದು ಸೇರಿದ್ದರು. "ಇವಳು ನಮ್ಮ ಹಳಬಳು ಸಾರ್. ಸೋಂಕು ಎಲ್ಲಿಂದ ಬಂತು ಅಂತ ಇವಳೇ ಹೇಳ್ತಾಳೆ. ಹೇಳಮ್ಮ, ಹೆದರಬೇಡ."

ನೀರಕ್ಕನಿಗೆ ಹೆದರಿಕೆ ಆಯಿತು. ಆದರೂ ಹಾಲಿನ ನಡುವೆ ನಡೆದು ಬಂದು ಇಸ್ತ್ರಿಯ ಪಕ್ಕದಲ್ಲಿ ನಿಂತಳು.

"ಸಾರ್, ಇವರು ಮೇನೇಜರೇ. ಈಗ ತಾನೇ ಇವರ ಮೈಗೆ ಕಜ್ಜಿ ಮುಲಾಮು ಹಚ್ಚಿದ್ದು ನಾನೇ. ನಮ್ಮ ಬೀದಿಯಿಂದ ಬಂತು ಅಂತ ನನ್ನ ಬಾಯಲ್ಲಿ ಹೇಳಿಸೋಕೆ ಕರೆಸಿದ್ದಾರೆ. ಈ ಸಾರ್ ನಮ್ಮ ಬೀದಿಗೆ ಒಂದಿನಾನೂ ಕಾಲಿಟ್ಟಿಲ್ಲ. ನಮ್ಮನ್ನ ಸ್ಕೇಲಲ್ಲಿ ಬಿಟ್ರೆ ಕೈಯಲ್ಲಿ ಮುಟ್ಟಿಲ್ಲ. ದಿನಾ ಮಲಗ್ತಾ ಇದ್ದಿದ್ದು ಜಡ್ಜ್ ಸಾಹೇಬ್ರ ಕೋಣೇಲಿ, ಅವರ ಕಂಬಳಿ ಹೊದ್ಕೊಂಡು. ಎಲ್ಲಿಂದ ಬಂತು ಅಂತ ನೀವೇ ಹೇಳಿ."

ಆಫೀಸರು ಇಸ್ತ್ರಿಯ ಕೈಗಳನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟರು.

"ಸೋಪು," ಅಂದರು. "ಸೋಪೆಲ್ಲಿದೆ?"

ಎಲ್ಲರೂ ಇಸ್ತ್ರಿಯ ಮುಖ ನೋಡಿದರು. ಗ್ಲೌಸಿನ ಹಾಗೇ ಸೋಪೂ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಕುದಿಯುತ್ತಿತ್ತು.

"ಇಡೀ ಮನೇಲಿ ಕೈ ತೊಳೆಯೋಕೆ ಒಂದು ಚೂರು ಸೋಪಿಲ್ವಾ?" ಆಫೀಸರು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಕಾರಿನ ಕಡೆಗೆ ಓಡುನಡಿಗೆಯಲ್ಲಿ ಹೊರಟರು. ಬಾಗಿಲಲ್ಲಿ ನಿಂತು, "ಇವತ್ತೇ ಎಲ್ಲರಿಗೂ ಮುಲಾಮು ಹಚ್ಚಿಸಿ! ಎಲ್ಲರಿಗೂ!" ಎಂದು ಕೂಗಿದರು. ಕಾರು ಹೋಯಿತು.

ಅಮ್ಮಾವ್ರು ಕಾರಿನ ಸದ್ದು ಅಡಗುವ ತನಕ ಕಾದರು. ಆಮೇಲೆ ಮೊದಲಿನಷ್ಟೇ ಮೆತ್ತಗೆ ಹೇಳಿದರು: "ನೀನಿನ್ನು ಬರಬೇಡಮ್ಮ. ನಿಮ್ಮಲ್ಲಿ ಯಾರೂ ಬರಬೇಡಿ. ಹೊಸಬರು ಸಿಗ್ತಾರೆ."

"ಹೋಗ್ತೀವಿ ಅಮ್ಮಾ," ಅಂದಳು ನೀರಕ್ಕ. "ಕೆಲಸ ಮುಗಿಸಿ ಹೋಗ್ತೀವಿ."

ಮುಂದಿನ ಕೋಣೆಗಳ ಮುಲಾಮಿನ ಪೆಟ್ಟಿಗೆಯನ್ನು ಒಬ್ಬಳು ಎತ್ತಿ ತಂದು ಹಾಲಿನ ಮೇಜಿನ ಮೇಲಿಟ್ಟಳು. ನೀರಕ್ಕ ಅತಿಥಿಗಳು ಕೂರುವ ಮೆತ್ತನೆಯ ಕುರ್ಚಿ ಎಳೆದುಕೊಂಡು ಕೂತು ಬೈಗುಳದಜ್ಜಿಯ ಗೌನಿನ ದಾರ ಬಿಚ್ಚಿದಳು. ಅಜ್ಜಿ ಅವಳ ವಂಶವನ್ನೆಲ್ಲ ಬೈಯುತ್ತ, ಹಾಯೆನಿಸಿ ಕಣ್ಣು ಮುಚ್ಚಿದಳು. ಆಮೇಲೆ ಹಿಂದಿನ ಹಾಲಿನವರು ಒಬ್ಬೊಬ್ಬರಾಗಿ ಬಂದರು. ಆಯಾಗಳು ಒಬ್ಬರ ಬೆನ್ನಿಗೆ ಒಬ್ಬರು ಹಚ್ಚಿಕೊಂಡರು. ಯಾರೋ ಓಡಿಹೋಗಿ ನಾದಿನಿಯನ್ನು ಕರೆತಂದರು, ಮುಂಬಾಗಿಲಿಂದಲೇ. ಅವಳು ಬಂದವಳೇ ಇಸ್ತ್ರಿಯ ಹಿಂದೆ ನಿಂತು ಗೌನಿನ ದಾರ ಬಿಗಿಯಾಗಿ ಕಟ್ಟಿ, "ನೋಡೋಕಾಗಲ್ಲ ಕಣೋ," ಅಂದಳು. ಅವನು ಗೋಡೆಗೆ ಒರಗಿ ಕೂತು ಅಳುತ್ತಿದ್ದ.

ಅಮ್ಮಾವ್ರು ಪೊಲೀಸು, ಕೋರ್ಟು ಎಂದೆಲ್ಲ ಹೇಳುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೀರಕ್ಕ ಹೊಸ ಟ್ಯೂಬಿನ ಮುಚ್ಚಳ ತಿರುಗಿಸಿ, ಅಂಗೈ ತುಂಬ ಮುಲಾಮು ಹಿಂಡಿಕೊಂಡು, ತಲೆ ಎತ್ತಿ ನೋಡಿದಳು.

"ಇನ್ನು ನೀವೊಬ್ರೇ ಅಮ್ಮಾ ಉಳಿದಿರೋದು. ಬನ್ನಿ, ನಾಚಿಕೋಬೇಡಿ. ಒಬ್ಬರು ತಪ್ಪಿಸಿಕೊಂಡ್ರೆ ಮತ್ತೆ ಮೊದಲಿಂದ ಆಗುತ್ತೆ."

ಅಮ್ಮಾವ್ರು ತಿರುಗಿ ಬಾಗಿಲ ಕಡೆ ನೋಡಿದರು. ಆಯಾಗಳಲ್ಲೊಬ್ಬಳು ಆಗಲೇ ಅಲ್ಲಿಗೆ ಹೋಗಿ ಚಿಲಕ ಹಾಕುತ್ತಿದ್ದಳು.